ಚಿಪ್ಪಕ್ಕನ ಮೂರನೇ ಕಿವಿ

ಮೊದಲೇ ಹೇಳಿಬಿಡುವುದು ವಾಸಿ: ಇದು ನಡೆದದ್ದು ನಡೆದ ಹಾಗೆ. ಓದುಗರ ಕಿವಿಯ ಮೇಲೆ ಹೂವಿಡುವ ಇರಾದೆ ಖಂಡಿತ ಇಲ್ಲ. ಈ ಕಥೆಯಲ್ಲಿ ಕಿವಿಗೆ ಬೇರೆಯೇ ಕೆಲಸವಿದೆ.

ಭಾನುವಾರದ ಬೆಳಗು, ಐದೂವರೆ. ದರ್ಜಿ ಅಂಗಡಿಯ ಮೇಲಿನ ಒಂಟಿ ಕೋಣೆ. ಕೆಳಗಿನ ಶಟರ್ ಇನ್ನೂ ಎದ್ದಿಲ್ಲ. ಮೇಲಿನ ದೀಪ ಆಗಲೇ ಎದ್ದು ಕೂತಿದೆ. ಮೇಜಿನ ಮೇಲೆ ಒಂದು ಕಂಪ್ಯೂಟರ್ ಹೊಟ್ಟೆ ಬಿಚ್ಚಿಕೊಂಡು ಅಂಗಾತ ಮಲಗಿದೆ. ವಯಸ್ಸು ಮೂವತ್ತೊಂಬತ್ತು. ಒಳಗಿನ ಪುಟ್ಟ ಬ್ಯಾಟರಿ ಸೋರಿ ಬೋರ್ಡಿನ ಮೇಲೆಲ್ಲ ನೀಲಿ-ಹಸಿರು ಹುಡಿ, ಬಚ್ಚಲ ಮೂಲೆಯ ಪಾಚಿಯ ಹಾಗೆ. ಅದರೆದುರು ಕೂತ ಅರವತ್ತೆರಡರ ಹೆಂಗಸು ಹತ್ತಿಕಡ್ಡಿಯನ್ನು ವಿನೆಗರಿನಲ್ಲಿ ಅದ್ದಿ ಒಂದೊಂದೇ ಗೆರೆ ಒರೆಸುತ್ತಾರೆ. ಹುಡಿ ಸಣ್ಣಗೆ ನೊರೆಯುಕ್ಕಿಸುತ್ತದೆ.

“ನೋಡಿ, ಕುದೀತಿದೆ. ಸಿಟ್ಟು ಇಳಿಯೋವರೆಗೂ ಮಾತಾಡಿಸಬಾರದು. ಆಮೇಲೆ ನೀರು, ಆಮೇಲೆ ಸ್ಪಿರಿಟ್ಟು, ಆಮೇಲೆ ಫ್ಯಾನ್ ಕೆಳಗೆ ಎರಡು ದಿನ ನಿದ್ದೆ,” ಎನ್ನುತ್ತಾರೆ, ಕಣ್ಣು ಕೀಳದೆ.

ಇವರನ್ನು ಬೀದಿಯೆಲ್ಲ ಕರೆಯುವುದು ಚಿಪ್ಪಕ್ಕ ಎಂದು. ಇವತ್ತು ಅವರ ಕೈ ಎಂದಿಗಿಂತ ಒಂದಿಷ್ಟು ನಿಧಾನ. ಮೇಜಿನ ಇನ್ನೊಂದು ತುದಿಯಲ್ಲಿ ಒಂದು ಖಾಕಿ ಲಕೋಟೆ ಇದೆ, ಅದರೊಳಗೆ ಒಂದು ಕ್ಯಾಸೆಟ್. ಪಕ್ಕದಲ್ಲಿ ಪ್ಲಾಸ್ಟಿಕ್ಕಿನ ಸೋಪ್ ಡಬ್ಬಿ; ಅದರ ಮುಚ್ಚಳಕ್ಕೆ ಕಿಟಕಿ ಕೊರೆದು ಒಂದು ಸೂಜಿ ಮೀಟರ್ ಕೂರಿಸಿದ್ದಾರೆ. ಹತ್ತು ಗಂಟೆಗೆ ಕ್ಯಾಸೆಟ್ಟಿನ ಯಜಮಾನ ಬರುತ್ತಾರೆ. ಅದು ಇನ್ನು ಎರಡು ಸಲ ಓಡೀತು. ಮೂರನೆಯದಕ್ಕೆ ಆ ಟೇಪಿನ ಮೇಲೆ ಏನೂ ಉಳಿದಿರುವುದಿಲ್ಲ.

ಚಿಪ್ಪಕ್ಕ ಎಂಬ ಬಿರುದಿಗೆ ಒಂದು ಹಿನ್ನೆಲೆ ಇದೆ. ಇಪ್ಪತ್ತನೇ ವಯಸ್ಸಿಗೆ ಅವರು ಮನೆಬಳಕೆಯ ಕಂಪ್ಯೂಟರ್ ಜೋಡಿಸುವ ಕಾರ್ಖಾನೆ ಸೇರಿದರು. ಉದ್ದನೆಯ ಬೆಂಚು, ಮೂವತ್ತೆರಡು ಹೆಂಗಸರು, ಒಬ್ಬೊಬ್ಬರ ಕೈಯಲ್ಲೂ ಒಂದು ಬೆಸುಗೆ ಕಡ್ಡಿ. ದಿನಕ್ಕೆ ಆರುನೂರು ಬೆಸುಗೆ. ಏಳು ವರ್ಷ ಹೀಗೆ ಹೋಯಿತು. ಅಷ್ಟರಲ್ಲಿ ಹೊಸ ಬಗೆಯ ದೊಡ್ಡ ಯಂತ್ರಗಳು ಬಂದು ಕಾರ್ಖಾನೆ ಕದ ಹಾಕಿತು. ಎಲ್ಲರ ಕೈಗೂ ಚಿಪ್ಪು ಬಂತು ಎನ್ನುತ್ತೇವಲ್ಲ, ಮಿಕ್ಕ ಮೂವತ್ತೊಂದು ಜನಕ್ಕೆ ಅದು ಬರೀ ಮಾತು. ಇವರಿಗೆ ಮಾತ್ರ ನಿಜವಾಗಿಯೂ ಬಂತು. ಕಸಕ್ಕೆ ಹೊರಟಿದ್ದ ಬಿಡಿಭಾಗಗಳ ರಾಶಿಯಿಂದ ಮೇಲ್ವಿಚಾರಕರನ್ನು ಕೇಳಿ, ಒಂದು ಬಿಸ್ಕತ್ತಿನ ಡಬ್ಬಿ ತುಂಬ ಚಿಪ್ಪುಗಳನ್ನು ಮನೆಗೆ ತಂದರು.

“ನಮ್ಮತ್ತೆ ಬಿಸ್ಕತ್ತು ಅಂತ ಡಬ್ಬಿ ತೆಗೆದು ಕಿಟಾರನೆ ಕಿರುಚಿದ್ರು. ಅಯ್ಯೋ, ಇಷ್ಟೊಂದು ಜಿರಲೆ ಯಾಕೇ ಸಾಕಿದೀಯ ಅಂತ. ಎರಡೂ ಕಡೆ ಕಾಲಿರತ್ತಲ್ಲ, ಪಾಪ, ಅವರದೇನು ತಪ್ಪು? ಜಿರಲೆ ಅಲ್ಲ ಅತ್ತೆ, ಚಿಪ್ಪು ಅಂದೆ. ನಮ್ಮ ಮನೆಗೆ ಕಾಲಿಟ್ಟು ಏಳು ವರ್ಷಕ್ಕೆ ಚಿಪ್ಪು ತಂದ್ಯಲ್ಲೇ ತಾಯಿ ಅಂದ್ರು. ಅವತ್ತಿಂದ ನಾನು ಚಿಪ್ಪಕ್ಕ.”

ಆ ಡಬ್ಬಿ ಈಗಲೂ ಕಪಾಟಿನ ಮೇಲಿನ ಅರೆಯಲ್ಲಿದೆ. ಅದರ ಕೆಳಗೆ ಇಪ್ಪತ್ಮೂರು ಕಂಪ್ಯೂಟರುಗಳು. ಗುಜರಿಯವರು ಕೊಟ್ಟದ್ದು, ಶಾಲೆಯ ಅಟ್ಟದಿಂದ ಇಳಿದದ್ದು, ಯಾರೋ ಮನೆ ಖಾಲಿ ಮಾಡುವಾಗ ಮೆಟ್ಟಿಲ ಬಳಿ ಬಿಟ್ಟು ಹೋದದ್ದು. ಹದಿನಾಲ್ಕು ಓಡುತ್ತವೆ, ಒಂಬತ್ತು ಸರದಿಯಲ್ಲಿವೆ. ಇನ್ನೂರಾ ಹನ್ನೊಂದು ಕ್ಯಾಸೆಟ್ಟುಗಳಿವೆ. ಆ ಕಾಲದಲ್ಲಿ ಕಂಪ್ಯೂಟರಿಗೆ ಪಾಠ ಹೇಳಿಕೊಡುತ್ತಿದ್ದದ್ದು ಟೇಪ್ ರೆಕಾರ್ಡರ್. ಕ್ಯಾಸೆಟ್ ಹಾಕಿ ಗುಂಡಿ ಒತ್ತಿದರೆ ಹಾಡಿನ ಬದಲು ‘ಪೀಈಈಈ’ ಎಂದು ಒಂದು ಎಳೆತ, ಆಮೇಲೆ ಬಾಣಲೆಗೆ ಒದ್ದೆ ಕೈ ಕೊಡವಿದ ಹಾಗೆ ‘ಚರ್ರ್‌ರ್‌ರ್’. ಐದು ನಿಮಿಷ ಆ ಸದ್ದನ್ನು ಕೇಳಿಸಿಕೊಂಡು ಕಂಪ್ಯೂಟರ್ ಒಂದು ಆಟವನ್ನೋ ಲೆಕ್ಕವನ್ನೋ ಕಲಿಯುತ್ತದೆ. ಆರಿಸಿದೊಡನೆ ಪೂರ್ತಿ ಮರೆಯುತ್ತದೆ. ಅದರ ನೆನಪಿನ ಚೀಲ ಎಷ್ಟು ಚಿಕ್ಕದೆಂದರೆ ಇವತ್ತು ಮೊಬೈಲಿಗೆ ಬೆಳಬೆಳಗ್ಗೆ ಬಂದು ಬೀಳುವ ಶುಭೋದಯದ ಗುಲಾಬಿಗೂ ಅಲ್ಲಿ ಜಾಗ ಸಾಲದು.

ಹಾಗಾದರೆ ಇದರ ಸೊಗಸೇನು? “ಹೊಸವು ಆನ್ ಮಾಡಿದ ತಕ್ಷಣ ಅವೇ ಮಾತು ಶುರು ಮಾಡ್ತವೆ. ಅದನ್ನ ನೋಡಿ, ಇದನ್ನ ಒತ್ತಿ, ಒಪ್ಪಿಕೊಳ್ಳಿ ಅಂತ. ಇದು ಆನ್ ಮಾಡಿದ್ರೆ ಒಂದು ಚೌಕ ಮಿಣುಕ್ ಮಿಣುಕ್ ಅಂತ ಕೂತಿರತ್ತೆ. ಹೇಳಿ ಅಕ್ಕ, ಏನ್ಮಾಡ್ಲಿ ಅಂತ. ನನ್ನ ಮಾತು ಕೇಳೋಕೆ ಕಾಯೋದು ಈ ಮನೇಲಿ ಇದೊಂದೇ.”

ಕೊನೆಯ ವಾಕ್ಯವನ್ನು ಬೇಕೆಂದೇ ಗಟ್ಟಿಯಾಗಿ ಹೇಳುತ್ತಾರೆ, ಮೆಟ್ಟಿಲು ಹತ್ತಿ ಬರುತ್ತಿರುವವರಿಗೆ ಕೇಳಲಿ ಎಂದು.

ವಾರದ ಆರು ದಿನ ಒಂಬತ್ತರಿಂದ ಆರರವರೆಗೆ ಅವರು ಮೆಟ್ಟಿಲ ಕೆಳಗಿನ ಗೂಡಂಗಡಿಯಲ್ಲಿ ಮಿಕ್ಸಿ, ಇಸ್ತ್ರಿಪೆಟ್ಟಿಗೆ, ಫ್ಯಾನು ರಿಪೇರಿ ಮಾಡುತ್ತಾರೆ. “ಮಿಕ್ಸಿ ನನ್ನ ಸಾಕತ್ತೆ, ಇವನ್ನ ನಾನು ಸಾಕ್ತೀನಿ.” ಭಾನುವಾರ ಹತ್ತರಿಂದ ಒಂದರವರೆಗೆ ಕೋಣೆಯ ಬಾಗಿಲು ಎಲ್ಲರಿಗೂ ತೆರೆದಿರುತ್ತದೆ. ಗೋಡೆಯ ರಟ್ಟಿನ ಮೇಲೆ ಮೂರೇ ನಿಯಮ: ಕೈ ತೊಳೆದು ಕೂರಬೇಕು. ಚಹಾ ಮೆಟ್ಟಿಲ ಮೇಲೆ. ಸೋತವರು ಕೀಲಿಗಳನ್ನು ಗುದ್ದಬಾರದು. ಮೂರನೆಯದನ್ನು ಬರೆಸಿದ್ದು ಕೆಳಗಿನ ದರ್ಜಿ. ಅಳತೆ ತಪ್ಪದ ಈ ಮನುಷ್ಯ, ಎರಡು ಬಿಳಿ ಗೆರೆಗಳ ನಡುವೆ ಒಂದು ಬಿಳಿ ಚುಕ್ಕೆ ಪುಟಿಯುವ ಆಟದಲ್ಲಿ ಕ್ಷೌರದಂಗಡಿಯವರ ಎದುರು ನಾಲ್ಕು ವರ್ಷದಿಂದ ಸೋಲುತ್ತಿದ್ದಾರೆ. “ಅವನು ನುಣ್ಣಗೆ ಬೋಳಿಸ್ತಾನೆ ಸ್ವಾಮಿ” ಎಂಬುದು ದರ್ಜಿಯ ದೂರು.

ಮೆಟ್ಟಿಲು ಹತ್ತಿ ಬರುತ್ತಿದ್ದವರು ಚಿಪ್ಪಕ್ಕನ ಯಜಮಾನರು. ವಯಸ್ಸು ಅರವತ್ತೇಳು, ಅಡ್ಡಹೆಸರು ಮೈಕಣ್ಣ. ಮೂವತ್ತನಾಲ್ಕು ವರ್ಷ ಬಸ್ ನಿಲ್ದಾಣದಲ್ಲಿ ‘ಪ್ರಯಾಣಿಕರ ಗಮನಕ್ಕೆ’ ಎಂದ ಗಂಟಲು ಅವರದು. ನಿವೃತ್ತಿಯಾದದ್ದು ಮನುಷ್ಯ, ಗಂಟಲಲ್ಲ. ಅದರೊಳಗೆ ಒಂದು ಇಡೀ ಗುಜರಿ ಅಂಗಡಿ ಇದೆ. ಫ್ಲಾಪಿ ಓದುವ ಪೆಟ್ಟಿಗೆಯ ‘ಗರ್ರ್-ಟಕ್’, ತಪ್ಪು ಒತ್ತಿದಾಗಿನ ‘ಪೀಂ’, ಹಳೇ ಟಿವಿ ಕೆಡುವ ಮುಂಚಿನ ‘ಕೀಂಂಂ’, ಎಲ್ಲವನ್ನೂ ಹಲ್ಲು, ನಾಲಿಗೆ, ಮೂಗುಗಳಲ್ಲೇ ಹೊರಡಿಸುತ್ತಾರೆ. ಮೂವತ್ತು ವರ್ಷದಿಂದ ಅವರದು ಒಂದೇ ಕಿತಾಪತಿ. ಬೆಳಗ್ಗೆ ಚಹಾ ತಂದವರು ಬಾಗಿಲಲ್ಲಿ ನಿಂತು ಯಾವುದಾದರೂ ಕೆಟ್ಟ ಯಂತ್ರದ ಸದ್ದು ಮಾಡುವುದು. ಚಿಪ್ಪಕ್ಕ ಹೌಹಾರಿ ಪ್ಲಗ್ಗಿಗೆ ಕೈ ಹಾಕುವುದು. ಆಮೇಲೆ ತಿರುಗಿ, “ನಿಮ್ಮ ಗಂಟಲಿಗೊಂದು ಫ್ಯೂಸ್ ಹಾಕ್ಸಬೇಕು ಕಣ್ರೀ” ಎನ್ನುವುದು. ದಿನ ಶುರುವಾಗುತ್ತಿದ್ದದ್ದೇ ಹಾಗೆ.

ಚಿಪ್ಪಕ್ಕನ ಕಿವಿ ಕಾರ್ಖಾನೆಯಲ್ಲೇ ಹೆಸರು ಮಾಡಿತ್ತು. ಒಂದೊಂದು ಟೇಪ್ ರೆಕಾರ್ಡರಿನ ತಲೆ, ಎಂದರೆ ಟೇಪನ್ನು ಓದುವ ಪುಟ್ಟ ಲೋಹದ ಮುಖ, ಒಂದೊಂದು ಬಗೆಯಲ್ಲಿ ಕೂದಲೆಳೆಯಷ್ಟು ಓರೆಯಾಗಿರುತ್ತದೆ. ಯಾವ ಓರೆಯಲ್ಲಿ ಬರೆದಿದೆಯೋ ಅದೇ ಓರೆಯಲ್ಲಿ ಓದಬೇಕು, ಇಲ್ಲದಿದ್ದರೆ ಕಂಪ್ಯೂಟರ್ ಅರ್ಧಕ್ಕೆ ಕೈಯೆತ್ತುತ್ತದೆ. ಆ ಓರೆಯನ್ನು ತಿದ್ದುವುದಕ್ಕೆ ತಲೆಯ ಪಕ್ಕ ಒಂದು ತಿರುಪು ಇದೆ. ಟೇಪ್ ಓಡುತ್ತಿರುವಾಗಲೇ ಸಣ್ಣ ಸ್ಕ್ರೂಡ್ರೈವರಿನಿಂದ ಅದನ್ನು ತಿರುಗಿಸುತ್ತಾ ಹೋಗಬೇಕು. ಕಂಬಳಿ ಹೊದ್ದು ಗೊಣಗುತ್ತಿದ್ದ ದನಿ ಒಂದು ಗಳಿಗೆಯಲ್ಲಿ ಕಂಬಳಿ ಕಿತ್ತೆಸೆದು ಎದ್ದು ಕೂರುತ್ತದೆ. ಅಲ್ಲಿ ನಿಲ್ಲಿಸಬೇಕು. ಇದಕ್ಕೆ ಕೆಲವರು ಮೀಟರ್ ಇಟ್ಟುಕೊಳ್ಳುತ್ತಾರೆ. ಚಿಪ್ಪಕ್ಕ ಅಂಥವರನ್ನು ಕಂಡರೆ ಮೂಗು ಮುರಿಯುತ್ತಿದ್ದರು. “ಹಾಡು ಕೇಳೋಕೆ ಯಾರಾದ್ರೂ ಕನ್ನಡಕ ಹಾಕ್ಕೋತಾರಾ?”

ನಾಲ್ಕು ತಿಂಗಳ ಹಿಂದೆ ಖಾಕಿ ಲಕೋಟೆ ಹಿಡಿದು ಬಂದವರು ಅಂಚೆಯಣ್ಣ. ಎಪ್ಪತ್ತೊಂದರ ನಿವೃತ್ತ ಪೋಸ್ಟ್‌ಮ್ಯಾನ್. ಎರಡು ಮೊಣಕಾಲೂ ಕೈಕೊಟ್ಟಿವೆ (ಕಾಲು ಕೈಕೊಡುವುದನ್ನು ನೋಡಬೇಕಾದರೆ ಅವರು ಮೆಟ್ಟಿಲು ಹತ್ತುವುದನ್ನು ನೋಡಬೇಕು). ಚಿಪ್ಪಕ್ಕ ಅವರಿಗೆ ಅಣ್ಣ ಎನ್ನುತ್ತಾರೆ, ಅವರು ಇವರಿಗೆ ಅಕ್ಕ ಎನ್ನುತ್ತಾರೆ. ಲೆಕ್ಕ ಕೂಡದಿದ್ದರೂ ಇಬ್ಬರಿಗೂ ಬೇಸರವಿಲ್ಲ.

“ನನ್ನ ಕೈಯಿಂದ ತಲುಪದೇ ಉಳಿದ ಟಪಾಲು ಇದೊಂದೇ ಅಕ್ಕ,” ಎಂದು ಲಕೋಟೆ ಚಾಚಿದರು.

ಪ್ರಾಯದಲ್ಲಿ ಅವರೂ ಒಂದು ಕಂಪ್ಯೂಟರ್ ಕೊಂಡಿದ್ದರು. ಎರಡು ವರ್ಷ, ಸಂಜೆ ಸಂಜೆ ಕೂತು, ತಾವು ಕಾಗದ ಹಂಚುತ್ತಿದ್ದ ಒಂಬತ್ತು ಬೀದಿಗಳನ್ನೂ ಮುನ್ನೂರಾ ಹನ್ನೆರಡು ಮನೆಗಳನ್ನೂ ಅದರೊಳಗೆ ಕಟ್ಟಿದರು. ಮನೆಯ ಸಂಖ್ಯೆ ಒತ್ತಿದರೆ ಅಲ್ಲಿ ಯಾರಿದ್ದಾರೆ, ಗೇಟು ಯಾವ ಕಡೆ ತೆರೆಯುತ್ತದೆ, ನಾಯಿ ಇದೆಯೇ, ಎಲ್ಲ ಹೇಳುತ್ತದೆ. ಮಾಡಿದ್ದು ಒಂದೇ ಪ್ರತಿ. ಕಂಪ್ಯೂಟರ್ ಕೆಟ್ಟು ಎಂದೋ ಗುಜರಿಗೆ ಹೋಯಿತು. ಆ ಒಂಬತ್ತು ಬೀದಿಗಳಲ್ಲಿ ಆರು ಈಗ ಅಗಲ ರಸ್ತೆಯ ಅಡಿಗೆ ಸೇರಿವೆ.

“ಇನ್ನೊಂದೇ ಒಂದು ಸಲ ನನ್ನ ಬೀದಿಗಳ ಬೀಟ್ ಮುಗಿಸ್ಬೇಕು ಅಕ್ಕ. ಕಾಲಲ್ಲಿ ಆಗಲ್ಲ. ಬೆರಳಲ್ಲಾದ್ರೂ.”

ಅವತ್ತು ಚಿಪ್ಪಕ್ಕ ಕಿವಿಗೊಟ್ಟು, ತಿರುಪು ತಿರುಗಿಸಿ, ದನಿ ತಿಳಿಯಾಯಿತು ಎನಿಸಿದ ಕಡೆ ನಿಲ್ಲಿಸಿದರು. ಕಂಪ್ಯೂಟರ್ ಅರ್ಧಕ್ಕೆ ಕೈಯೆತ್ತಿತು. ಇನ್ನೊಮ್ಮೆಯೂ ಅಷ್ಟೇ. ಚಿಪ್ಪು ಬದಲಾಯಿಸಿ, ತಂತಿ ಬದಲಾಯಿಸಿ ಮೂರನೇ ಸಲ ಹಾಕಿದರು, ಆಗಲೂ ಅಷ್ಟೇ. ರೆಕಾರ್ಡರಿನ ತಲೆ ಒರೆಸಿದಾಗ ಹತ್ತಿಯ ಮೇಲೆ ಕಂದು ಹುಡಿ ಬಂತು. ಟೇಪಿನ ಲೇಪ ಉದುರುತ್ತಿತ್ತು. ಪ್ರತಿ ಓಟಕ್ಕೂ ಒಂದಷ್ಟು ಮನೆಗಳು ಹತ್ತಿಗೆ ಅಂಟಿ ಬರುತ್ತಿದ್ದವು. ಮೊಬೈಲಿಗೆ ಇಳಿಸಿಕೊಳ್ಳೋಣವೆಂದರೆ, ತಲೆ ಓರೆಯಿದ್ದರೆ ಇಳಿಯುವುದೂ ಮಸುಕು ಸದ್ದೇ.

“ನಂಗೆ ಚೆನ್ನಾಗೇ ಕೇಳಿಸ್ತಿತ್ತಲ್ಲ ಅಣ್ಣ,” ಎಂದು ಲಕೋಟೆಗೆ ಕ್ಯಾಸೆಟ್ ಹಾಕಿ ಎತ್ತಿಟ್ಟರು.

ತಪ್ಪು ಎಲ್ಲಿದೆ ಎಂದು ಅವರಿಗೆ ಹೊಳೆಯದೇ ಹೋದದ್ದಕ್ಕೆ ಒಂದು ಕಾರಣವೂ ಇತ್ತು. ಈ ಕಂಪ್ಯೂಟರುಗಳಿಗೆ ಪರದೆಯಾಗಿರುವ ಹಳೇ ಟಿವಿಗಳು ಓಡುವಾಗ ಸೂಜಿಯಂಥ ಒಂದು ‘ಕುಂಯ್’ ಹೊರಡಿಸುತ್ತವೆ. ಕಳೆದ ವರ್ಷದಿಂದ ಕೋಣೆಯ ಟಿವಿಗಳು ಒಂದೊಂದಾಗಿ ಸುಮ್ಮನಾಗುತ್ತಾ ಬಂದಿದ್ದವು. ಚಿಪ್ಪಕ್ಕ ತಮ್ಮ ನೋಟುಪುಸ್ತಕದಲ್ಲಿ ಸಂತೋಷದಿಂದ ಬರೆದಿದ್ದಾರೆ: ‘ಮೂರನೇ ಟಿವಿ, ಕುಂಯ್ ನಿಂತಿದೆ. ಬೆಸುಗೆ ಚೆನ್ನಾಗಿ ಕೂತಿದೆ.’ ‘ಐದನೇ ಟಿವಿ, ಇದೂ ಸಾಧುವಾಯಿತು.’ ಟಿವಿಗಳು ಕುಂಯ್‌ಗುಡುತ್ತಲೇ ಇದ್ದವು.

ಗೊತ್ತಾದದ್ದು ಒಂದು ಬೆಳಗ್ಗೆ. ಮೈಕಣ್ಣ ಚಹಾ ತಂದಿಟ್ಟರು. ಚಿಪ್ಪಕ್ಕ ಲೋಟ ತೆಗೆದುಕೊಳ್ಳುತ್ತಾ ಕೇಳಿದರು:

“ಯಾಕ್ರೀ, ಈಗೀಗ ತಮಾಷೆ ಮಾಡೋದೇ ಬಿಟ್ಬಿಟ್ರಿ? ವಯಸ್ಸಾಯ್ತಾ?”

“ಬಿಟ್ನಾ? ದಿನಾ ಮಾಡ್ತೀನಲ್ಲೇ. ನೀನೇ ತಿರುಗಿ ನೋಡಲ್ಲ. ನನ್ನ ಸಹವಾಸ ಅಭ್ಯಾಸ ಆಗೋಯ್ತೇನೋ ಅಂದ್ಕೊಂಡೆ.”

“ಇವತ್ತೂ ಮಾಡಿದ್ರಾ?”

“ಈಗ್ತಾನೆ. ಬಾಗಿಲಲ್ಲಿ. ಟಿವಿ ಕೆಟ್ಟಂಗೆ.”

ಚಿಪ್ಪಕ್ಕ ಲೋಟ ಕೆಳಗಿಟ್ಟರು. “ಇನ್ನೊಂದ್ಸಲ ಮಾಡಿ.”

ಮೈಕಣ್ಣ ಹಲ್ಲು ಕಚ್ಚಿ, ತುಟಿ ಅಗಲಿಸಿ ಮಾಡಿದರು. ಚಿಪ್ಪಕ್ಕ ಅವರ ಬಾಯನ್ನೇ ನೋಡುತ್ತಿದ್ದರು.

“ಮಾಡಿದ್ರಾ?”

ಮೂವತ್ತನಾಲ್ಕು ವರ್ಷ ಮೈಕಿನ ಮುಂದೆ ಒಂದು ದಿನವೂ ತಡವರಿಸದ ಗಂಟಲು ಅವತ್ತು ಸ್ಟೂಲ್ ಎಳೆದು ಪಕ್ಕದಲ್ಲಿ ಕೂತುಕೊಂಡಿತು.

ಕಿವಿಯ ಡಾಕ್ಟರು ಪರೀಕ್ಷಿಸಿ ವಿವರಿಸಿದರು. ಮಾತಿಗೆ ತೊಂದರೆಯಿಲ್ಲ, ಏರುದನಿಗಳು ಮಾತ್ರ ಹೋಗಿವೆ, ಮತ್ತೆ ಬರುವುದಿಲ್ಲ. “ನೆಲಮಹಡಿ ಗಟ್ಟಿಯಾಗಿದೆಯಂತೆ, ಮೇಲ್ಮಹಡಿ ಬಿದ್ದಿದೆಯಂತೆ,” ಎನ್ನುತ್ತಾರೆ ಚಿಪ್ಪಕ್ಕ. ಅವರಿಗೆ ಬೇಕಾಗಿದ್ದದ್ದು ಮೇಲ್ಮಹಡಿಯೇ.

ಹನ್ನೊಂದು ದಿನ ಅವರು ಕೋಣೆಗೆ ಹತ್ತಲಿಲ್ಲ. ಎರಡು ಭಾನುವಾರ ಬಾಗಿಲು ಮುಚ್ಚಿತ್ತು. ದರ್ಜಿ ಮತ್ತು ಕ್ಷೌರದಂಗಡಿಯವರು ತೊಳೆದ ಕೈಗಳನ್ನು ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತಿದ್ದು ಹೋದರು. ಹನ್ನೆರಡನೇ ದಿನ ಚಿಪ್ಪಕ್ಕ ಲಕೋಟೆಯನ್ನು ಅಂಚೆಯಣ್ಣನ ಮನೆಗೇ ಒಯ್ದು ಕೊಟ್ಟರು. “ಬೇರೆ ಯಾರಾದ್ರೂ ಕಿವಿ ಇರೋರ ಹತ್ರ ಮಾಡ್ಸಿ ಅಣ್ಣ.”

ಅಂಚೆಯಣ್ಣ ಲಕೋಟೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. “ವಿಳಾಸದಾರರು ಮನೇಲಿದ್ದು, ವಿಳಾಸ ಸರಿಯಾಗಿದ್ರೆ, ಟಪಾಲು ವಾಪಸ್ ತಗೊಳೋ ಪದ್ಧತಿ ನಮ್ಮಲ್ಲಿಲ್ಲ ಅಕ್ಕ,” ಎಂದು ಹಿಂದಕ್ಕೆ ಕೊಟ್ಟರು.

ಮೊದಲು ಮೈಕಣ್ಣನೇ ಕಿವಿಯಾಗಲು ಮುಂದೆ ಬಂದರು. ಚಿಪ್ಪಕ್ಕ ಯಾವುದೋ ಹಳೇ ಕ್ಯಾಸೆಟ್ ಹಾಕಿ ತಿರುಪು ತಿರುಗಿಸುವುದು, ಇವರು ಕೇಳಿ ‘ಸಾಕು’ ಎನ್ನುವುದು. ಆದರೆ ಕೇಳಿದ್ದನ್ನು ಬಾಯಲ್ಲಿ ಹೇಳದೆ ಇರಲು ಆ ಮನುಷ್ಯನಿಗೆ ಬರುವುದಿಲ್ಲ. ಟೇಪು ‘ಚರ್ರ್’ ಎಂದರೆ ಇವರೂ ‘ಚರ್ರ್’. “ನೀವು ಕೇಳ್ತಿದೀರೋ ಕಛೇರಿ ಕೊಡ್ತಿದೀರೋ?” ಎಂದು ಚಿಪ್ಪಕ್ಕ ಸ್ಕ್ರೂಡ್ರೈವರ್ ಬಿಸಾಡಿದರು. ಆಮೇಲೆ ಕಪಾಟಿನ ಮೇಲಿನ ಅರೆ ನೋಡುತ್ತಾ ಕೂತರು.

ಬಿಸ್ಕತ್ತಿನ ಡಬ್ಬಿ ಕೆಳಗಿಳಿಯಿತು. ಒಡೆದ ರೆಕಾರ್ಡರಿನಿಂದ ಒಂದು ಸೂಜಿ ಮೀಟರ್ ಬಂತು. ತಗ್ಗುದನಿಯನ್ನು ತಡೆದು ಏರುದನಿಯನ್ನು ಮಾತ್ರ ದಾಟಿಸುವ ಒಂದು ಪುಟ್ಟ ಕೆಪಾಸಿಟರ್ ಡಬ್ಬಿಯ ತಳದಲ್ಲಿ ಸಿಕ್ಕಿತು. ಇನ್ನು ನಾಲ್ಕು ಬಿಡಿಭಾಗ, ಹದಿನಾರು ಬೆಸುಗೆ, ಒಂದು ಸೋಪ್ ಡಬ್ಬಿ. ಅವರ ಕಿವಿಯಲ್ಲಿ ಯಾವುದು ಹೋಗಿದೆಯೋ ಅಷ್ಟನ್ನೇ ಕೇಳುವ ಯಂತ್ರ. ದನಿ ಎಲ್ಲಿ ಕಂಬಳಿ ಕಿತ್ತೆಸೆಯುತ್ತದೋ ಅಲ್ಲಿ ಸೂಜಿ ಬಲತುದಿಗೆ ಏರುತ್ತದೆ.

“ಮೀಟರ್ ಇಟ್ಕೊಳೋರನ್ನ ನೋಡಿ ನಾನೇ ನಗ್ತಿದ್ದೆ. ಈಗ ದಿನಾ ಬೆಳಗ್ಗೆ ಈ ಸೂಜಿ ನನ್ನ ನೋಡಿ ಹಲ್ಲು ಕಿರಿಯತ್ತೆ. ಕಿರೀಲಿ ಬಿಡಿ. ನಗೋ ಸರದಿ ಅದರದ್ದು.”

ಮೂರು ವಾರ ನಲವತ್ತು ಬೇಡದ ಕ್ಯಾಸೆಟ್ಟುಗಳ ಮೇಲೆ ಅಭ್ಯಾಸ ನಡೆದಿದೆ. ಮೂವತ್ತಾರು ಓದಿಸಿಕೊಂಡಿವೆ. ಕಿವಿಯ ಕಾಲದಲ್ಲಿ ಮೂವತ್ತೆಂಟು ಆಗುತ್ತಿತ್ತು. “ಎರಡು ಕಮ್ಮಿ. ಸೂಜಿ ಇನ್ನೂ ಹೊಸಬ, ಕಲೀತಾನೆ.”

ಈಗ ಹತ್ತು ಗಂಟೆ. ಅಂಚೆಯಣ್ಣ ಇಪ್ಪತ್ತೆರಡು ಮೆಟ್ಟಿಲನ್ನು ಏಳು ನಿಮಿಷದಲ್ಲಿ ಹತ್ತಿದ್ದಾರೆ. ದರ್ಜಿ ಮತ್ತು ಕ್ಷೌರದಂಗಡಿಯವರು ಗೋಡೆಗೆ ಒರಗಿದ್ದಾರೆ. ಇವತ್ತು ಯಾರೂ ಆಟ ಕೇಳುವುದಿಲ್ಲ. ಚಿಪ್ಪಕ್ಕ ರೆಕಾರ್ಡರಿನ ತಲೆಯನ್ನು ಮೂರು ಸಲ ಒರೆಸುತ್ತಾರೆ. ಕ್ಯಾಸೆಟ್ ಒಳಗೆ ಹೋಗುತ್ತದೆ. ಗುಂಡಿ ಒತ್ತುತ್ತಾರೆ.

‘ಪೀಈಈಈ.’ ಆ ಎಳೆತ ಮುಗಿಯುವುದರೊಳಗೆ ತಿರುಪು ಸರಿಹೋಗಬೇಕು. ಎಂಟು ಸೆಕೆಂಡು ಇದೆ. ಚಿಪ್ಪಕ್ಕ ಕಿವಿಯನ್ನು ಬೇಕೆಂದೇ ಆಚೆ ತಿರುಗಿಸಿ, ಕಣ್ಣನ್ನು ಸೂಜಿಗೆ ನೆಟ್ಟಿದ್ದಾರೆ. ಕೈ ಕೂದಲೆಳೆಯಷ್ಟು ಎಡಕ್ಕೆ. ಸೂಜಿ ಇಳಿಯುತ್ತದೆ. ಬಲಕ್ಕೆ. ಏರುತ್ತದೆ, ಇನ್ನೂ ಏರುತ್ತದೆ, ಬಲತುದಿಗೆ ತಾಗುತ್ತದೆ. ಕೈ ನಿಲ್ಲುತ್ತದೆ. ‘ಚರ್ರ್‌ರ್‌ರ್’ ಶುರು.

ಪರದೆಯ ಅಂಚಿನಲ್ಲಿ ಪಟ್ಟೆಗಳು ಓಡುತ್ತವೆ. ಒಂದು ನಿಮಿಷ. ಎರಡು. ಹಿಂದೆಲ್ಲ ಕೈಯೆತ್ತಿದ್ದು ಇಲ್ಲೇ. ಮೂರು. ಮೈಕಣ್ಣ ಜೀವಮಾನದಲ್ಲಿ ಮೊದಲ ಬಾರಿಗೆ ಬಾಯಿಗೆ ಕೈ ಅಡ್ಡ ಹಿಡಿದು ನಿಂತಿದ್ದಾರೆ. ನಾಲ್ಕು. ಐದು. ಟಕ್.

ಪರದೆಯ ಮೇಲೆ ಎರಡು ಸಾಲು: ‘ನಮಸ್ಕಾರ. ಚೀಲ ಎತ್ತಿಕೊಳ್ಳಿ.’

ಅಂಚೆಯಣ್ಣ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡು ತೋರುಬೆರಳಲ್ಲಿ ಒಂದು ಒತ್ತುತ್ತಾರೆ. ಮೊದಲ ಮನೆ. ಎರಡು. ಮೂರು. ಹದಿನೇಳನೇ ಮನೆಯಲ್ಲಿ ಪರದೆ ಹೇಳುತ್ತದೆ: ‘ನಾಯಿ ಇದೆ. ಕಚ್ಚುವುದಿಲ್ಲ ಎನ್ನುತ್ತಾರೆ. ಕಚ್ಚುತ್ತದೆ.’ ಕೋಣೆ ಗೊಳ್ಳೆನ್ನುತ್ತದೆ. ನಲವತ್ತೊಂದನೇ ಮನೆ: ‘ಅಜ್ಜಿ ಒಬ್ಬರೇ. ಕಾಗದ ಓದಿ ಹೇಳಬೇಕು. ಕಾಗದ ಇಲ್ಲದ ದಿನವೂ ಬೆಲ್ ಮಾಡುವುದು.’ ಅಂಚೆಯಣ್ಣ ಆ ಮನೆಯ ಮುಂದೆ ಸ್ವಲ್ಪ ಹೊತ್ತು ನಿಂತಿದ್ದು, ಕನ್ನಡಕ ಒರೆಸಿಕೊಂಡು, ನಲವತ್ತೆರಡು ಒತ್ತುತ್ತಾರೆ.

ಮುನ್ನೂರಾ ಹನ್ನೆರಡು ಮನೆ ಮುಗಿಯಲು ಒಂದೂವರೆ ಗಂಟೆ ಬೇಕಾಗುತ್ತದೆ. ಆಮೇಲೆ ಚಿಪ್ಪಕ್ಕ ಹೊಸ ಕ್ಯಾಸೆಟ್ಟುಗಳಿಗೆ ಮೂರು ನಕಲು ಇಳಿಸುತ್ತಾರೆ. ಒಂದು ಅಂಚೆಯಣ್ಣನಿಗೆ, ಒಂದು ಕಪಾಟಿಗೆ, ಇನ್ನೊಂದು, “ಇರಲಿ, ಮನುಷ್ಯರನ್ನ ನಂಬೋಕಾಗಲ್ಲ.” ಮೂರನೇ ನಕಲನ್ನೂ ಓಡಿಸಿ ನೋಡಿ ಮುಚ್ಚಳ ಹಾಕುತ್ತಾರೆ. ಏನಾದರೂ ಆಸೆ ಉಳಿದಿದೆಯೇ ಎಂದರೆ ಪಟ್ಟಿ ಉದ್ದವಿಲ್ಲ. “ಸರದಿಯಲ್ಲಿರೋ ಒಂಬತ್ತೂ ಏಳ್ಬೇಕು. ಆಮೇಲೆ...” ಎಂದು ಬಾಗಿಲ ಕಡೆ ಒಮ್ಮೆ ನೋಡುತ್ತಾರೆ. ಮತ್ತೆ ಮೇಜಿಗೆ ತಿರುಗಿ ತಂತಿ ಸುತ್ತತೊಡಗುತ್ತಾರೆ.

ಆಗ ಬೆನ್ನ ಹಿಂದಿನಿಂದ ಏಳುತ್ತದೆ ಒಂದು ಸದ್ದು. ‘ಗೂಂಂಂಂಂ...’ ನೆಲದೊಳಗಿಂದ ಬಂದಂಥ, ದಪ್ಪ, ಭಾರವಾದ ಗುಂಗು. ‘ಢಬ್. ಗೂಂಂಂಂ... ಢಬ್ ಢಬ್.’

“ಯಾರೂ ಮುಟ್ಟಬೇಡಿ! ಟ್ರಾನ್ಸ್‌ಫಾರ್ಮರ್ ಹೋಗ್ತಿದೆ!” ಚಿಪ್ಪಕ್ಕ ನೆಗೆದು ಪ್ಲಗ್ಗಿಗೆ ಕೈ ಹಾಕುತ್ತಾರೆ, ಕಿತ್ತೂ ಬಿಡುತ್ತಾರೆ, ಸುಟ್ಟ ವಾಸನೆಗೆ ಮೂಗರಳಿಸುತ್ತಾರೆ. ವಾಸನೆ ಇಲ್ಲ. ಗುಂಗು ನಿಂತಿಲ್ಲ. ನಿಧಾನಕ್ಕೆ ತಿರುಗುತ್ತಾರೆ.

ಬಾಗಿಲಲ್ಲಿ ಮೈಕಣ್ಣ. ಕೈಯಲ್ಲಿ ಚಹಾದ ತಟ್ಟೆ, ಗಂಟಲು ಕಪ್ಪೆಯ ಹಾಗೆ ಉಬ್ಬಿದೆ, ಕಣ್ಣು ಹೆಂಡತಿಯ ಮುಖದ ಮೇಲೆ. ಒಂದು ತಿಂಗಳಿಂದ ಬಚ್ಚಲಲ್ಲಿ ಬಾಗಿಲು ಹಾಕಿಕೊಂಡು ತಮ್ಮ ಗುಜರಿ ಅಂಗಡಿಯನ್ನೆಲ್ಲ ಅವರು ನೆಲಮಹಡಿಗೆ ಇಳಿಸಿದ್ದಾರೆ. ಪಕ್ಕದ ಮನೆಯವರು ನೀರಿನ ಪಂಪು ಕೆಟ್ಟಿದೆಯೆಂದು ಎರಡು ಸಲ ಹೇಳಿ ಹೋಗಿದ್ದರು. ಮೂರನೇ ನಕಲು ಮುಗಿಯುವವರೆಗೂ ಅವರು ಮೆಟ್ಟಿಲ ಮೇಲೆ ಕಾದಿದ್ದರಂತೆ. ಕಿತಾಪತಿಗೂ ಒಂದು ಶಿಸ್ತು ಬೇಡವೇ?

ಚಿಪ್ಪಕ್ಕ ಕಿತ್ತ ಪ್ಲಗ್ ಹಿಡಿದುಕೊಂಡೇ ನಿಂತಿದ್ದಾರೆ.

“ಕೇಳಿಸ್ತು,” ಎನ್ನುತ್ತಾರೆ ಮೆಲ್ಲಗೆ. ಆಮೇಲೆ ಗಟ್ಟಿಯಾಗಿ, “ರೀ, ಕೇಳಿಸ್ತು ಕಣ್ರೀ!”

ಮೊದಲು ನಗುವುದು ದರ್ಜಿ. ಆಮೇಲೆ ಕ್ಷೌರದಂಗಡಿಯವರು, ಆಮೇಲೆ ಮೊಣಕಾಲು ಹಿಡಿದುಕೊಂಡು ಅಂಚೆಯಣ್ಣ. ಆದರೆ ಬೀದಿಯ ಆ ತುದಿಯಲ್ಲಿ ಹೋಗುತ್ತಿದ್ದವರೂ ನಿಂತು ಮೇಲೆ ನೋಡುವಂತೆ, ಹೊಟ್ಟೆ ಹಿಡಿದು, ಗೋಡೆಗೆ ಒರಗಿ, ಕಣ್ಣಲ್ಲಿ ನೀರು ತುಂಬಿಕೊಂಡು ನಗುತ್ತಿರುವವರು ಚಿಪ್ಪಕ್ಕ. ಉಸಿರು ಸಿಕ್ಕಿದಾಗ ಇಷ್ಟು ಹೇಳುತ್ತಾರೆ:

“ನಾಳೇನೂ ಮಾಡ್ರೀ!”